ಓರೆಗೆರೆಗಳ ನಡುವಿನ ಹೆಸರು

ಜೂನ್ 4

ಅಣ್ಣಾ,

ನಿನಗೆ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆಯಿತು. ಬೆಳಿಗ್ಗೆ ಮಾಡಿದರೆ ಅತ್ತಿಗೆ ಎತ್ತಿ "ಸ್ನಾನಕ್ಕೆ ಹೋಗಿದ್ದಾರೆ" ಅನ್ನುತ್ತಾರೆ. ಮಧ್ಯಾಹ್ನ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಚಿಕ್ಕಂದಿನಲ್ಲಿ ನಿನ್ನನ್ನು ಬಚ್ಚಲಿಗೆ ತಳ್ಳಲು ಅಮ್ಮ ಪಟ್ಟ ಪಾಡು ನನಗೆ ಗೊತ್ತಿದೆ, ಅದಕ್ಕೇ ನಂಬಿಕೆ ಬರುತ್ತಿಲ್ಲ. ಹಾಗಾಗಿ ಕಾಗದ.

ವಿಷಯ ಗುಡ್ಡದಾಚೆಯವರ ಮಾತಿನ ನಿಘಂಟಿನದು. ನೀನು ಮನೆಯಲ್ಲಿ ಟೈಪ್ ಮಾಡಿ ಸಿ.ಡಿ.ಯಲ್ಲಿ ಕಳಿಸುವ ಪುಟಗಳನ್ನು ನಾನು ಇಲ್ಲಿ ಪ್ರೆಸ್ಸಿನಲ್ಲಿ ಜೋಡಿಸುತ್ತೇನೆ. ನಾನೂರನೇ ಪುಟದವರೆಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಲ್ಲಿಂದಾಚೆ ಏನೋ ಆಗಿದೆ. ಗುಡ್ಡದಾಚೆಯವರ ಮಾತಿಗೆ ಬೇಕಾದ ಒಂಬತ್ತು ವಿಶೇಷ ಅಕ್ಷರಗಳಿಗೆ ಕೀಬೋರ್ಡಿನಲ್ಲಿ ಜಾಗವಿಲ್ಲ ಅಂತ ಒಂದೊಂದಕ್ಕೂ ಹೆಸರಿಟ್ಟವನು ನೀನೇ. ಎರಡು ಓರೆಗೆರೆಗಳ ನಡುವೆ ಆ ಹೆಸರು ಬರೆದರೆ ಸಾಫ್ಟ್‌ವೇರ್ ಅಲ್ಲಿ ಅಕ್ಷರವನ್ನು ಕೂರಿಸುತ್ತದೆ. ಮೊದಲು ಮೂಲ ಅಕ್ಷರ, ಆಮೇಲೆ ಗುರುತು, ಕೊನೆಗೆ ಗುರುತು ಇರುವ ಜಾಗ. /ನ-ಚುಕ್ಕಿ-ಕೆಳಗೆ/, /ಅ-ಗೆರೆ-ಮೇಲೆ/. ಈ ಕ್ರಮ ತಪ್ಪಿದ್ದಕ್ಕೆ ನೀನು ನನ್ನ ಕಿವಿ ಹಿಂಡಿದ್ದೂ ಉಂಟು, ಅದೂ ನನ್ನ ಮೀಸೆ ನರೆತ ಮೇಲೆ.

ಈಗ ನಿನ್ನ ಪುಟಗಳಲ್ಲೇ /ನ-ಕೆಳಗೆ-ಚುಕ್ಕಿ/ ಅಂತಿದೆ. ಸಾಫ್ಟ್‌ವೇರಿಗೆ ಆ ಹೆಸರಿನ ಪರಿಚಯವಿಲ್ಲ, ಅಕ್ಷರದ ಬದಲು ಖಾಲಿ ಚೌಕ ತೋರಿಸುತ್ತದೆ. ಹೆಸರಿನ ಕ್ರಮ ಸರಿಯಿರುವ ಕಡೆ ಅಕ್ಷರವೇ ತಪ್ಪು. ಕರಡು ತಿದ್ದುವ ಮೇಷ್ಟ್ರು ಗುಡ್ಡದಾಚೆಯವರೇ, ನಿನಗೆ ಗೊತ್ತಲ್ಲ. ಒಂದೇ ಪುಟದಲ್ಲಿ ಹದಿನೇಳು ಕಡೆ ಕೆಂಪು ಸುತ್ತು ಹಾಕಿದ್ದಾರೆ. ತಮಗೂ ತಿಳಿಯದ ಹಳೆಯ ಮಾತುಗಳ ಪಕ್ಕ "ದೇವರೇ ಬಲ್ಲ" ಅಂತ ಬರೆದಿದ್ದಾರೆ. ನಿಘಂಟು ಬರೆದ ಗುಡ್ಡದಾಚೆಯ ಅಜ್ಜ ತೀರಿಹೋದರು, ಅವರ ಮಾಸಿದ ಪೆನ್ಸಿಲ್ ಬರಹ ಓದಲು ಬರುವುದು ನಿನಗೊಬ್ಬನಿಗೇ.

ನವೆಂಬರಿಗೆ ಪುಸ್ತಕ ಹೊರಬರಬೇಕು ಅಂತ ಪ್ರೆಸ್ಸಿನ ಯಜಮಾನರು ಕೂತಿದ್ದಾರೆ. ಹೀಗೇ ಮುಂದುವರಿದರೆ ಕೆಲಸ ನಿನ್ನ ಕೈತಪ್ಪುತ್ತದೆ. ಏನಾಗಿದೆ ಅಂತ ನಿನ್ನ ಕೈಯಾರೆ ನಾಲ್ಕು ಸಾಲು ಬರೆ.

ನಿನ್ನ ತಮ್ಮ


ಜೂನ್ 13

ಮೈದುನನಿಗೆ,

ಅಣ್ಣನಿಗೆ ಬರೆದದ್ದಕ್ಕೆ ಅತ್ತಿಗೆ ಯಾಕೆ ಉತ್ತರ ಕೊಡುತ್ತಾಳೆ ಅಂತ ಹುಬ್ಬು ಗಂಟಿಕ್ಕಬೇಡ. ಅವರಿಗೆ ಬಲಗೈ ಹೆಬ್ಬೆರಳು ಊದಿಕೊಂಡಿದೆ, ಪೆನ್ನು ಹಿಡಿಯಲಾಗುತ್ತಿಲ್ಲ. ಸ್ನಾನದ ಲೆಕ್ಕ ಇಡುವ ಮೈದುನ ಎಲ್ಲರಿಗೂ ಸಿಗುವುದಿಲ್ಲ, ನಾನು ಪುಣ್ಯ ಮಾಡಿದ್ದೆ.

ನಿನ್ನ ಕಾಗದ ಓದಿ ಹೇಳಿದೆ. ನಕ್ಕರು. ಹೆಸರಿನ ಕ್ರಮ ಹಿಂದುಮುಂದಾದದ್ದು ಆಯಾಸದಿಂದ. ಮೇಷ್ಟ್ರು ಸುತ್ತು ಹಾಕಿದ ಪುಟಗಳನ್ನು ಕಳಿಸು, ಸರಿಮಾಡಿಸಿ ಕಳಿಸುತ್ತೇನೆ. ಇನ್ನು ಮೇಲೆ ಪ್ರತಿ ಸಿ.ಡಿ.ಯನ್ನೂ ನಾನೇ ಒಂದು ಸಲ ನೋಡಿ ಕಳಿಸುತ್ತೇನೆ.

ಒಂದು ಮಾತು ಕೇಳುತ್ತೇನೆ, ನೇರವಾಗಿ ಹೇಳು. ಕೆಲಸ ಕೈತಪ್ಪುತ್ತದೆ ಅಂತ ಬರೆದಿದ್ದೀಯ. ಆ ಮಾತನ್ನು ಯಜಮಾನರು ತಾವಾಗಿ ಎತ್ತಿದರಾ, ಅಥವಾ ನೀನೇ ಅವರ ಬಾಯಿಗೆ ಇಟ್ಟೆಯಾ? ಅಜ್ಜನ ಬರಹದ ಕಟ್ಟನ್ನು ವಾಪಸ್ ಕಳಿಸಿ ಅಂತ ಕಳೆದ ತಿಂಗಳು ಪ್ರೆಸ್ಸಿನಿಂದ ಒಂದು ಚೀಟಿ ಬಂತು. ಕೆಳಗೆ ಸಹಿ ಇರಲಿಲ್ಲ. ಅಕ್ಷರ ಮಾತ್ರ ನಮ್ಮ ಮದುವೆಯ ಕರೆಯೋಲೆಗಳ ಮೇಲೆ ವಿಳಾಸ ಬರೆದವನದೇ ಇದ್ದ ಹಾಗಿತ್ತು. ನಾನು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು, ಅಳತೆ ನನ್ನ ಕಣ್ಣಿಗೆ ತಪ್ಪುವುದಿಲ್ಲ.

ಕಟ್ಟು ಇಲ್ಲೇ ಇರುತ್ತದೆ.

ಅತ್ತಿಗೆ


ಜೂನ್ 26

ಅತ್ತಿಗೆ,

ಹೆಬ್ಬೆರಳು ಊದಿಕೊಂಡವನು ಒಂದು ತಿಂಗಳಲ್ಲಿ ಐವತ್ತು ಪುಟ ಟೈಪ್ ಮಾಡಿದ್ದಾನೆ. ಪೆನ್ನಿಗೆ ಮಾತ್ರ ಆಗದ ಹೆಬ್ಬೆರಳು ಅದೆಂಥದ್ದು?

ನೀವು ಸರಿಮಾಡಿಸಿ ಕಳಿಸಿದ ಪುಟಗಳು ಬಂದವು. ಮೊದಲು ಹದಿನೇಳು ಸುತ್ತು, ಈಗ ಹತ್ತೊಂಬತ್ತು. ಒಂದು ಮಾತನ್ನು ನಿಮಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮೂಲ ಅಕ್ಷರ, ಗುರುತು, ಜಾಗ, ಈ ನಿಯಮ ಅಣ್ಣನ ಪ್ರಾಣ. ಅವನು ತನ್ನ ಹೆಸರನ್ನಾದರೂ ಮರೆತಾನು, ಇದನ್ನು ಮರೆಯುವವನಲ್ಲ. ಅಂದಮೇಲೆ ಈ ಪುಟಗಳಲ್ಲಿ ಆಡಿರುವುದು ಬೇರೆ ಯಾರದೋ ಕೈ. ಯಾರನ್ನೋ ಕೂಲಿಗೆ ಹಿಡಿದು ಟೈಪ್ ಮಾಡಿಸಿ ಅಣ್ಣನ ಹೆಸರಿನಲ್ಲಿ ಕಳಿಸುತ್ತಿದ್ದೀರಿ ಅಂತ ನನ್ನ ಅನುಮಾನ. ಅಣ್ಣನಿಗೆ ಇದು ಗೊತ್ತಾ?

ಇನ್ನೊಂದು. ನಮ್ಮ ಯಂತ್ರ ರಿಪೇರಿಯವನು ಹೋದ ವಾರ ನಿಮ್ಮ ಊರಿಗೆ ಬಂದಿದ್ದ. ಸುಮ್ಮನೆ ನೋಡಿಕೊಂಡು ಬಾ ಅಂತ ನಾನೇ ಹೇಳಿದ್ದೆ, ಮುಚ್ಚಿಡುವುದಿಲ್ಲ. ಹಗಲು ಹನ್ನೊಂದಕ್ಕೆ ನಿಮ್ಮ ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಕೀಬೋರ್ಡಿನ ಸದ್ದು ಬೀದಿಗೆ ಕೇಳುತ್ತಿತ್ತಂತೆ. ಇವನು ಕದ ತಟ್ಟಿದ, ಸದ್ದು ನಿಂತಿತು. ಇವನು ಮೆಟ್ಟಿಲಿಳಿದ, ಸದ್ದು ಮತ್ತೆ ಶುರುವಾಯಿತು.

ಯಾರನ್ನು ಒಳಗಿಟ್ಟು ಬೀಗ ಹಾಕಿದ್ದೀರಿ, ಅತ್ತಿಗೆ?

ನಿಮ್ಮ ಮೈದುನ


ಜುಲೈ 3

ಮೈದುನನಿಗೆ,

ಮನೆ ನನ್ನದು, ಬೀಗ ನನ್ನದು, ಬೀಗದಕೈ ನನ್ನ ಸೆರಗಿನಲ್ಲಿದೆ. ಬೇಹುಗಾರನನ್ನು ಕಳಿಸುವವನು ಕಾಫಿ ಕುಡಿಯುವ ಹೊತ್ತಿಗಾದರೂ ಕಳಿಸಬಾರದಿತ್ತೇ, ಒಂದು ಲೋಟ ಕೊಟ್ಟು ಕಳಿಸುತ್ತಿದ್ದೆ.

ಕೂಲಿಗೆ ಯಾರನ್ನೂ ಹಿಡಿದಿಲ್ಲ. ಟೈಪ್ ಮಾಡುವವರು ನಿನ್ನ ಅಣ್ಣನೇ. ಒಂದೊಂದು ಅಕ್ಷರವೂ ಅವರದೇ. ಬೇಕಾದರೆ ಬಂದು ಆಣೆ ಮಾಡಿಸು. ಅಲ್ಲ, ಬರಬೇಡ. ಮನೆಗೆ ಸುಣ್ಣ ಬಳಿಸುತ್ತಿದ್ದೇನೆ, ಕೂರಲು ಜಾಗವಿಲ್ಲ.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಆ ಚೀಟಿ ಬರೆದವನು ನೀನು ಹೌದೋ ಅಲ್ಲವೋ? ನಿನ್ನ ಯಜಮಾನರು ಬೇರೊಬ್ಬ ಟೈಪಿಸ್ಟನನ್ನು ನೋಡಿಟ್ಟಿದ್ದಾರೆ ಅಂತ ನನಗೂ ಸುದ್ದಿ ಬಂದಿದೆ. ಕಟ್ಟು ನಿಮ್ಮ ಕೈಗೆ ಸಿಕ್ಕಿದ ಮರುದಿನ ನಿನ್ನ ಅಣ್ಣನನ್ನು ಹೊರಗೆ ಹಾಕುತ್ತೀರಿ. ಅದಕ್ಕೆ ಈಗಿನಿಂದಲೇ ತಪ್ಪು ಹುಡುಕಿ ನೆವ ಮಾಡಿಕೊಳ್ಳುತ್ತಿದ್ದೀರಿ. ಹದಿನೇಳೋ ಹತ್ತೊಂಬತ್ತೋ, ಸುತ್ತು ಹಾಕಿದ ಕೆಂಪು ಪೆನ್ನು ಯಾರ ಕೈಯಲ್ಲಿತ್ತು ಅಂತ ನಾನು ನೋಡಿಲ್ಲವಲ್ಲ.

ಮುಂದಿನ ಸಿ.ಡಿ. ಇದರ ಜೊತೆಗಿದೆ. 470ರಿಂದ 520. ಈ ಸಲ ಹೆಸರುಗಳನ್ನು ಒಂದೊಂದಾಗಿ ನೋಡಿದ್ದೇನೆ. ಕ್ರಮ ಎಲ್ಲೂ ತಪ್ಪಿಲ್ಲ.

ಅತ್ತಿಗೆ


ಜುಲೈ 11

ಅತ್ತಿಗೆ,

ಕ್ರಮ ತಪ್ಪಿಲ್ಲ, ನಿಜ. ಚೌಕ ಒಂದೇ ಒಂದು. ಆದರೆ ಅಕ್ಷರಗಳು ಮೊದಲಿಗಿಂತ ಕೆಟ್ಟಿವೆ. 480ನೇ ಪುಟದಲ್ಲಿ "ತೊಟ್ಟಿಲು" ಅನ್ನುವ ಅರ್ಥದ ಮಾತಿಗೆ ಒಂದು ಅಕ್ಷರ, ಅದೇ ಮಾತಿಗೆ 502ರಲ್ಲಿ ಇನ್ನೊಂದು. ಮೇಷ್ಟ್ರು ಪೆನ್ನು ಕೆಳಗಿಟ್ಟು, "ಇದು ನಮ್ಮ ಮಾತೇ ಅಲ್ಲ, ಯಾರೋ ನಮ್ಮನ್ನ ಅಣಕಿಸ್ತಿದ್ದಾರೆ" ಅಂದರು. ಎಪ್ಪತ್ತು ವರ್ಷದ ಮನುಷ್ಯ, ತನ್ನ ಜನರ ಮಾತನ್ನು ಒಂದು ಸಲವಾದರೂ ಪುಸ್ತಕವಾಗಿ ನೋಡಿ ಸಾಯಬೇಕು ಅಂತ ಕಾಯುತ್ತಿರುವವರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಇನ್ನು ಆ ಒಂದು ಚೌಕದ ಮಾತು. 511ನೇ ಪುಟ, ಬಲಗಡೆಯ ಅಂಕಣ. ಅಕ್ಷರದ ಹೆಸರಿರಬೇಕಾದ ಕಡೆ, ಎರಡು ಓರೆಗೆರೆಗಳ ನಡುವೆ, ಸಾಲಿನ ಕೊನೆಯಲ್ಲಿ ಮುರಿದು, /ಗಡಿಬಿಡಿ/ ಅಂತಿದೆ.

ಅದು ನನ್ನನ್ನು ಚಿಕ್ಕಂದಿನಲ್ಲಿ ಅಣ್ಣ ಕರೆಯುತ್ತಿದ್ದ ಹೆಸರು. ಅಪ್ಪ ಅಮ್ಮ ಹೋದ ಮೇಲೆ ಈ ಲೋಕದಲ್ಲಿ ಅದು ಗೊತ್ತಿರುವವನು ಅವನೊಬ್ಬನೇ. ಅವನು ನಿಮಗೆ ಹೇಳಿದ, ಇಬ್ಬರೂ ಸೇರಿ ನಕ್ಕಿರಿ, ನಾನು ಜೋಡಿಸುವ ಪುಟದಲ್ಲೇ ಅದನ್ನು ತೂರಿಸಿದಿರಿ. ನಾನು ಗಡಿಬಿಡಿಯವನೇ, ಒಪ್ಪಿಕೊಂಡೆ. ಮೂರ್ಖನಲ್ಲ.

ಗೇಲಿ ಸಾಕು. ಈ ತಿಂಗಳ ಕೊನೆಗೆ ನಾನೇ ಬರುತ್ತೇನೆ. ಸುಣ್ಣ ಬಳಿಯುತ್ತಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ. ಬೀಗ ತೆಗೆಯುವವರೆಗೂ ಏಳುವುದಿಲ್ಲ.

ಮೈದುನ


ಆಗಸ್ಟ್ 9

ಮೈದುನನಿಗೆ,

ತಿಂಗಳ ಕೊನೆಗೆ ಬರುತ್ತೇನೆ ಅಂದವನು ಬರಲಿಲ್ಲ. ನಾನು ದಿನಾ ಮೆಟ್ಟಿಲು ನೋಡಿದೆ. ಬರಬಾರದು ಅಂತ ಮೊದಲು, ಆಮೇಲೆ ಯಾಕೆ ಬರಲಿಲ್ಲ ಅಂತ. ಕೊನೆಗೆ ನಾನೇ ಸೋತು ಬರೆಯುತ್ತಿದ್ದೇನೆ.

ಗಡಿಬಿಡಿ ಅನ್ನುವುದು ನಿನ್ನ ಹೆಸರು ಅಂತ ನನಗೆ ನಿನ್ನ ಕಾಗದ ಬರುವವರೆಗೂ ಗೊತ್ತಿರಲಿಲ್ಲ.

ಹೋದ ವರ್ಷ ಒಂದು ದಿನ ಹಾಲು ತರಲು ಹೋದ ನಿನ್ನ ಅಣ್ಣ ಸಂಜೆ ಪೊಲೀಸರ ಜೊತೆ ಮನೆಗೆ ಬಂದರು. ಮನೆಯ ದಾರಿ ತಿಳಿಯಲಿಲ್ಲವಂತೆ. ಆಮೇಲೆ ಪಕ್ಕದ ಮನೆಯವರ ಹೆಸರು ನೆನಪಿನಿಂದ ಹೋಯಿತು, ದಿನಗಳು ಹೋದವು, ಊಟ ಮಾಡಿದ್ದು ಹೋಯಿತು. ಡಾಕ್ಟರು ಕಾಯಿಲೆಗೊಂದು ಹೆಸರು ಹೇಳಿ, ಇದು ಇಳಿಜಾರು, ಹತ್ತುವುದಿಲ್ಲ ಅಂದರು. ನಾನು ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತೇನೆ. ನೀನು ಫೋನ್ ಮಾಡಿದಾಗ ಕೊಡಲಿಲ್ಲ, ಯಾಕೆಂದರೆ ಎರಡು ಸಲ ಕೊಡಲು ಹೋದೆ, "ಯಾವ ತಮ್ಮ, ಅವನಿಗಿನ್ನೂ ಆರು ವರ್ಷ, ಫೋನ್ ಮಾಡೋದು ಎಲ್ಲಿ ಬರುತ್ತೆ" ಅಂದರು.

ಆದರೆ ಕಂಪ್ಯೂಟರ್ ಮುಂದೆ ಅಜ್ಜನ ಕಟ್ಟು ಬಿಚ್ಚಿ ಕೂತರೆ ಬೆರಳು ತಾನಾಗಿ ಓಡುತ್ತದೆ. ದಿನಕ್ಕೆ ಆ ನಾಲ್ಕು ಗಂಟೆಯ ಹೊತ್ತು ಅವರು ನಾನು ಮದುವೆಯಾದ ಮನುಷ್ಯ. ಬೆನ್ನು ನೆಟ್ಟಗೆ, ಬಾಯಲ್ಲಿ ಗುನುಗು. ಅದನ್ನು ಕಿತ್ತುಕೊಂಡರೆ ಉಳಿಯುವುದು ಏನು? ಅದಕ್ಕೇ ಮುಚ್ಚಿಟ್ಟೆ. ನಿನಗೆ ಹೇಳಿದರೆ ಯಜಮಾನರಿಗೆ ಹೋಗುತ್ತದೆ, ಯಜಮಾನರಿಗೆ ಹೋದರೆ ಕೆಲಸ ಹೋಗುತ್ತದೆ ಅಂತ ಹೆದರಿದೆ.

ನಾನೂರನೇ ಪುಟ ದಾಟಿದ ಮೇಲೆ ಅಕ್ಷರಗಳ ಹೆಸರು ಕೆಟ್ಟವು. ನಿಮ್ಮ ನಿಯಮದ ಹೆಸರು ಒಂದೂ ಇಲ್ಲ. ಓರೆಗೆರೆಗಳ ನಡುವೆ ಏನೇನೋ ಬರೆಯುತ್ತಿದ್ದರು. ಅಮ್ಮನ ಕನ್ನಡಕ. ಕೊಡೆ. ಕುಂಟು ಕುರ್ಚಿ. ಬೆಕ್ಕಿನ ಜಾಗ. ಸುಟ್ಟ ಗೋಡೆ. ಅಪ್ಪನ ಕೆಮ್ಮು. ಕಿಟಕಿ. ಇರುವೆ ಸಾಲು. ಗಡಿಬಿಡಿ. ಇದೇನು ಅಂತ ಕೇಳಿದರೆ "ಕೊಡೆ ಅಂದ್ರೆ ಕೊಡೆ" ಅನ್ನುತ್ತಾರೆ, ಎರಡನೇ ಸಲ ಕೇಳಿದರೆ ಸಿಟ್ಟು. ನಾನೇ ತಿದ್ದಿದೆ. ಕೊಡೆ ಅಂದರೆ ತಲೆಯ ಮೇಲೆ ಕಮಾನಿರುವ ಅಕ್ಷರವಿರಬೇಕು, ಕನ್ನಡಕ ಅಂದರೆ ಎರಡು ಚುಕ್ಕಿಯದಿರಬೇಕು, ಹೀಗೆ ಆಕಾರ ನೋಡಿ ಊಹಿಸಿ ಬದಲಿಸಿದೆ. ಅಂದಾಜು ಸಿಗದ ಕಡೆ ಒಮ್ಮೊಮ್ಮೆ ಒಂದೊಂದು ಹಾಕಿದೆ. 511ರಲ್ಲಿ ಸಾಲಿನ ಕೊನೆಯಲ್ಲಿ ಮುರಿದದ್ದೊಂದು ನನ್ನ ಕಣ್ಣು ತಪ್ಪಿ ಉಳಿದುಬಿಟ್ಟಿತು. ಹದಿನೇಳು ನನ್ನದು, ಹತ್ತೊಂಬತ್ತೂ ನನ್ನದೇ. ಮೇಷ್ಟ್ರಿಗೆ ಹೇಳು, ಅಣಕಿಸಿದ್ದಲ್ಲ.

ನಾನು ಕೈಯಿಡುವ ಮೊದಲಿನ ಸಿ.ಡಿ.ಗಳನ್ನು ಬಟ್ಟೆ ಬೀರುವಿನಲ್ಲಿ ಅಡಗಿಸಿಟ್ಟಿದ್ದೆ. ಎಲ್ಲವನ್ನೂ ಕಳಿಸಿದ್ದೇನೆ. ಈ ಕಾಗದವನ್ನು ಯಜಮಾನರ ಮೇಜಿನ ಮೇಲೆ ಇಡುವುದಾದರೆ ಇಡು. ನಿನ್ನನ್ನು ನಂಬಿ ಕಳಿಸುತ್ತಿಲ್ಲ. ಬೇರೆ ಯಾರೂ ಇಲ್ಲ ಅಂತ ಕಳಿಸುತ್ತಿದ್ದೇನೆ.

ಅತ್ತಿಗೆ


ಆಗಸ್ಟ್ 17

ಅತ್ತಿಗೆ,

ನಿಮ್ಮ ಕಾಗದವನ್ನು ಪ್ರೆಸ್ಸಿನ ಮೆಟ್ಟಿಲ ಮೇಲೆ ನಿಂತು ಓದಿದೆ. ಹೆಸರುಗಳ ಸಾಲಿಗೆ ಬಂದಾಗ ಕೂತುಬಿಟ್ಟೆ.

ಅಪ್ಪ ಕೈಯಿಂದ ಸೀಸದ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದರು ಅಂತ ನಿಮಗೆ ಗೊತ್ತು. ಒಂದು ವರ್ಷ ಗುಡ್ಡದಾಚೆಯವರ ಮಕ್ಕಳ ಪಾಠದ ಪುಸ್ತಕವನ್ನು ಮನೆಗೇ ತಂದು ಜೋಡಿಸಿದರು. ಮಾಮೂಲಿ ಅಕ್ಷರಗಳಿಗೆ ಮೊಳೆ ಪೆಟ್ಟಿಗೆಯಲ್ಲಿ ಖಾನೆಗಳಿದ್ದವು. ಈ ಒಂಬತ್ತಕ್ಕೆ ಜಾಗವಿರಲಿಲ್ಲ, ಒಂಬತ್ತು ತಗಡಿನ ಡಬ್ಬಿಗಳಲ್ಲಿ ಹಾಕಿ ಕೋಣೆಯ ತುಂಬ ಇಟ್ಟರು. ಒಂದು ಅಮ್ಮ ಕನ್ನಡಕ ಇಡುವ ಗೂಡಿನಲ್ಲಿ, ಒಂದು ಕೊಡೆ ನೇತುಹಾಕುವ ಮೊಳೆಯ ಕೆಳಗೆ, ಒಂದು ಕುಂಟು ಕುರ್ಚಿಯ ಮೇಲೆ, ಒಂದು ಅಪ್ಪನ ಕೆಮ್ಮಿನ ಔಷಧಿಯ ಪಕ್ಕ. ಅಪ್ಪ ಕೂತಲ್ಲಿಂದ "ಕೊಡೆಯಿಂದ ಎರಡು, ಬೆಕ್ಕಿನ ಜಾಗದಿಂದ ಒಂದು" ಅಂತ ಕೂಗುತ್ತಿದ್ದರು, ನಾನೂ ಅಣ್ಣನೂ ಓಡಿ ತಂದುಕೊಡುತ್ತಿದ್ದೆವು. ಅಣ್ಣನಿಗೆ ಹನ್ನೊಂದು, ನನಗೆ ಆರು. ಒಂಬತ್ತನೇ ಡಬ್ಬಿಯನ್ನು ನಾನು ಮೂರು ಸಲ ನೆಲಕ್ಕೆ ಚೆಲ್ಲಿದೆ. ಅದಕ್ಕೆ ನನ್ನದೇ ಹೆಸರು ಬಿತ್ತು. ಹೆಸರಿಗೂ ಅಕ್ಷರದ ಆಕಾರಕ್ಕೂ ಸಂಬಂಧವೇ ಇಲ್ಲ, ಅತ್ತಿಗೆ. ನೀವು ಜನ್ಮವಿಡೀ ಕೂತು ಊಹಿಸಿದ್ದರೂ ಸಿಗುತ್ತಿರಲಿಲ್ಲ. ಇಡೀ ಲೋಕದಲ್ಲಿ ಇದು ಗೊತ್ತಿದ್ದವನು ನಾನೊಬ್ಬ, ಮತ್ತು ನಾನು ನಿಮ್ಮ ಬಾಗಿಲಿಗೆ ಬೇಹುಗಾರನನ್ನು ಕಳಿಸಿ ಕೂತಿದ್ದೆ. 511ನೇ ಪುಟದಲ್ಲಿ ನನ್ನ ಹೆಸರು ಕಂಡಾಗ ಅವಮಾನ ಕಂಡಿತೇ ಹೊರತು ಡಬ್ಬಿ ಕಾಣಲಿಲ್ಲ.

ಒಂಬತ್ತು ಹೆಸರಿಗೆ ಒಂಬತ್ತು ಅಕ್ಷರ ಹೊಂದಿಸಿ ನಿಮ್ಮ ಬೀರುವಿನ ಸಿ.ಡಿ.ಗಳನ್ನು ಜೋಡಿಸಿದೆ. ನೂರಿಪ್ಪತ್ತು ಪುಟ. ಮೇಷ್ಟ್ರು ಎರಡು ದಿನ ಕೂತು ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಅಣ್ಣ ಒಂದು ತಪ್ಪನ್ನೂ ಮಾಡಿಲ್ಲ, ಅತ್ತಿಗೆ. ಒಂದನ್ನೂ. ನಾನು ಅಲ್ಲೇ ಅತ್ತುಬಿಟ್ಟೆ, ಮೇಷ್ಟ್ರು ಕಿಟಕಿ ಕಡೆ ತಿರುಗಿ ಕೂತರು.

ನನ್ನದೂ ಒಂದು ಮುಚ್ಚಿಟ್ಟದ್ದಿದೆ. ಆ ಚೀಟಿ ಬರೆದವನು ನಾನೇ. ಕಟ್ಟು ತರಿಸಿ ಕೆಲಸವನ್ನು ಹೊಸಬನಿಗೆ ಕೊಡೋಣ ಅಂತ ಯಜಮಾನರು ಮೇ ತಿಂಗಳಲ್ಲೇ ಹೇಳಿದ್ದರು, ನಾನು ಹೂಂ ಅಂದಿದ್ದೆ. ಅಣ್ಣನಿಗೆ ಮೊದಲ ಕಾಗದ ಬರೆಯುವ ಹೊತ್ತಿಗೆ ಆ ಹೂಂ ನನ್ನ ಹೊಟ್ಟೆಯಲ್ಲಿತ್ತು. ತಿಂಗಳ ಕೊನೆಗೆ ಬರದಿದ್ದಕ್ಕೂ ಅದೇ ಕಾರಣ, ಯಾವ ಮುಖ ಹೊತ್ತು ಬರಲಿ? ಈಗ ಯಜಮಾನರ ಮುಂದೆ ಶುದ್ಧವಾದ ಕರಡು ಇಟ್ಟಿದ್ದೇನೆ. "ನಿಮ್ಮಣ್ಣ ಸುಧಾರಿಸಿಕೊಂಡ ಅನ್ನಿ" ಅಂದರು. ಹೌದು ಅಂದೆ. ಬೇರೇನೂ ಹೇಳಿಲ್ಲ, ಹೇಳುವುದೂ ಇಲ್ಲ.

ಸಾಫ್ಟ್‌ವೇರಿನಲ್ಲಿ ಪ್ರತಿ ಅಕ್ಷರಕ್ಕೂ ಎರಡು ಹೆಸರು ಕೊಟ್ಟಿದ್ದೇನೆ, ನಿಯಮದ್ದೊಂದು, ಡಬ್ಬಿಯದೊಂದು. ಅಣ್ಣ ಯಾವುದನ್ನು ಬರೆದರೂ ಅಕ್ಷರ ಬಂದು ಕೂರುತ್ತದೆ. ನಿಮ್ಮಲ್ಲಿ ಒಂದೇ ಬೇಡಿಕೆ. ಇನ್ನು ಏನನ್ನೂ ತಿದ್ದಬೇಡಿ. ಹೊಸ ಹೆಸರು ಬಂದರೂ ಹಾಗೇ ಕಳಿಸಿ, ಅದು ಯಾವ ಅಕ್ಷರ ಅಂತ ಹುಡುಕುವುದು ನನ್ನ ಪಾಡು. ಭಾನುವಾರ ಬರುತ್ತೇನೆ. ಬೀಗ ತೆಗೆಯುತ್ತೀರಿ ಅಂತ ನಂಬಿದ್ದೇನೆ.

ನಿಮ್ಮ ಮೈದುನ


ಅಕ್ಟೋಬರ್ 21

ಮೈದುನನಿಗೆ,

ಕೊನೆಯ ಸಿ.ಡಿ. ಕಳಿಸುತ್ತಿದ್ದೇನೆ, 580ರಿಂದ 622. ಅಜ್ಜನ ಕಟ್ಟು ಮುಗಿಯಿತು. ಮುಗಿದದ್ದು ಅವರಿಗೆ ತಿಳಿದಿಲ್ಲ, ಬೆಳಿಗ್ಗೆ ಮತ್ತೆ ಮೊದಲ ಪುಟ ತೆಗೆದು ಕೂತಿದ್ದಾರೆ. ಕೀಬೋರ್ಡಿನ ಸದ್ದು ಇರಲಿ ಅನಿಸಿತು.

ನೀನು ಬಂದು ಹೋದ ಮೂರು ಭಾನುವಾರವನ್ನೂ ನೆನೆಸಿಕೊಳ್ಳುತ್ತಾರೆ. ನೀನು ಯಾರು ಅಂತಲ್ಲ, ಮೀಸೆಯವನೊಬ್ಬ ಬಂದಿದ್ದ, ಡಬ್ಬಿ ಚೆಲ್ಲದೆ ತಂದುಕೊಟ್ಟ ಅಂತ. ನಿನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಈ ವಯಸ್ಸಿನಲ್ಲಿ ಸಿಗಲಿಕ್ಕಿಲ್ಲ. ನಿನ್ನ ಮೇಲೆ ನನಗಿದ್ದ ಅನುಮಾನ ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ. ಫೋನ್ ಬಂದರೆ ಈಗಲೂ ನಾಲ್ಕು ಸಲ ಬಡಿದ ಮೇಲೇ ಎತ್ತುತ್ತೇನೆ. ಆದರೆ ಈಗ ಸ್ನಾನಕ್ಕೆ ಹೋಗಿದ್ದಾರೆ ಅನ್ನುವುದಿಲ್ಲ.

ನೀನು ಹೇಳಿದ ಹಾಗೆ ಈ ಸಿ.ಡಿ.ಯಲ್ಲಿ ಒಂದನ್ನೂ ಮುಟ್ಟಿಲ್ಲ. ಒಂದು ಕಡೆ ಮಾತ್ರ ಬೆರಳು ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡೆ. 590ನೇ ಪುಟದಿಂದ ಅಮ್ಮನ ಕನ್ನಡಕ ಅನ್ನುವುದು ಎಲ್ಲೂ ಬರುವುದಿಲ್ಲ. ಬಹುಶಃ ಅದರ ಬದಲಿಗೇ ಇರಬೇಕು, ಹೊಸ ಹೆಸರೊಂದು ಬಂದಿದೆ. ನಾನು ಊಹಿಸುವುದನ್ನು ಬಿಟ್ಟಿದ್ದೇನೆ, ಮೇಷ್ಟ್ರನ್ನು ಕೇಳಿ ನೋಡು. ಅದು ನಿಮ್ಮ ಹಳೆಯ ಮನೆಯ ಡಬ್ಬಿಯಲ್ಲ, ಈ ಮನೆಯದು. ಓರೆಗೆರೆಗಳ ನಡುವೆ /ಬೀಗ ಹಾಕುವವಳು/ ಅಂತ ಬರೆದಿದ್ದಾರೆ. ಮೂವತ್ತೊಂದು ಸಲ, ಎಣಿಸಿದೆ.

ಪಕ್ಕದಲ್ಲಿ ಕೂತು, ಅದು ಯಾರು ಅಂತ ಕೇಳಿದೆ. ಕೀಬೋರ್ಡಿನಿಂದ ಕೈ ತೆಗೆಯದೆ, "ಇಲ್ಲೇ ಇರ್ತಾಳೆ. ಕೆಟ್ಟವಳಲ್ಲ. ಹೆಸರು ಕೇಳೋದು ಮರೆತೆ" ಅಂದರು.

ಅದನ್ನೂ ಪಟ್ಟಿಗೆ ಸೇರಿಸಿಕೋ.

ಅತ್ತಿಗೆ